ಕುಸುಬಿ ಎಣ್ಣೆಯೂ ಪ್ರಾಣವಾಯುವೂ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ, ಹಿಂಗಾರಿ ಬಿಳಿಜೋಳದ ನಡುವೆ ಅಕ್ಕಡಿ ಸಾಲಾಗಿಯೂ ಹೊಲದಂಚಿನಲ್ಲಿ ದನಗಳನ್ನು ತಡೆಯುವ ಮುಳ್ಳಬೇಲಿಯಾಗಿಯೂ ಬೆಳೆಯುತ್ತಿದ್ದ ಕುಸುಬಿಯು, ಮುಳ್ಳು ಮೆತ್ತಗಿರುವ ಇಬ್ಬನಿಯ ಹೊತ್ತಿನಲ್ಲಿ ಕೊಯ್ಯಲ್ಪಟ್ಟು, ಕಣದಲ್ಲಿ ಒಕ್ಕಲ್ಪಟ್ಟು, ಗಾಣಿಗರ ಓಣಿಯನ್ನು ಸೇರುತ್ತಿದ್ದಿತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಎತ್ತು ಸುತ್ತಿದಂತೆಲ್ಲ ಒರಳಿನಲ್ಲಿ ಎಣ್ಣೆ ಒಸರುವುದು. ಹಿಂಡಿ ದನಗಳ ಪಾಲಾಗುವುದು. ಸವದತ್ತಿಯು ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿದ್ದ ಶತಮಾನಗಳ ಕನ್ನಡ ಶಾಸನಗಳಲ್ಲಿ, ಗಾಣಕ್ಕೆ ಇಷ್ಟೆಂದು ದೇವರ ನಂದಾದೀಪಕ್ಕೆ ಎಣ್ಣೆ ಬಿಟ್ಟ ‘ತೆಲ್ಲಿಗರೈವತ್ತೊಕ್ಕಲು’ ಎಂಬ ಗಾಣಿಗರ ಸಂಘ ಕಾಣಿಸಿಕೊಳ್ಳುತ್ತದೆ, ಶರಣರ ಸಮೂಹದಲ್ಲಿ ಗಾಣದ ಕಣ್ಣಪ್ಪನೇ ಇದ್ದಾನೆ.

ಈ ಎಣ್ಣೆಗೆ ಒಂದು ವಿಲಕ್ಷಣ ಸ್ವಭಾವವುಂಟು. ಗಡಿಗೆಯ ಕಂಠದಲ್ಲಿ ಉಳಿದ ತೆಳುಪದರವು ಕೆಲವು ವಾರಗಳಲ್ಲಿ ಉಗುರಿಗೂ ಏಳದ ಹಳದಿ ಅಂಟಾಗುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಪೇಶಾವರದ ಅಫ್ರಿದಿ ಕುಶಲಿಗಳು ಇದೇ ಗುಣವನ್ನು ಆಶ್ರಯಿಸಿ, ಕುಸುಬಿ ಎಣ್ಣೆಯನ್ನು ಬಹುಹೊತ್ತು ಕುದಿಸಿ ರೋಗನ್ ಎಂಬ ಮೇಣವನ್ನು ಮಾಡಿ ಬಟ್ಟೆಯ ಮೇಲೆ ಚಿತ್ರ ಬರೆಯುತ್ತಿದ್ದರು. ಎಣ್ಣೆಯ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಅದು ಗಾಳಿಯ ಪ್ರಾಣವಾಯುವನ್ನು ಹೀರಿ ಬಿಗಿಯುವುದೇ ಇದರ ಮರ್ಮ.

ರಕ್ತದಲ್ಲಿ ಕೊಬ್ಬನ್ನು ಹೊತ್ತು ತಿರುಗುವ ಕಣಗಳಲ್ಲಿಯೂ ಲಿನೋಲಿಕ್ ಆಮ್ಲವಿರುವುದರಿಂದ, ಅದೇ ಉತ್ಕರ್ಷಣ ಕ್ರಿಯೆ ಅಲ್ಲಿ ನಡೆದಾಗ ರಕ್ತನಾಳದ ಒಳಪದರದ ಕೋಶಗಳು ಘಾಸಿಗೊಳ್ಳುತ್ತವೆ. ಆದರೆ ಕೋಶವು ನಿರಾಯುಧವಲ್ಲ. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಗುರುತಿಸಿದ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಪ್ರೋಟೀನು ಉಗ್ರವಾದ ಸೂಪರಾಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡಾಗಿ ಮಾರ್ಪಡಿಸಿದರೆ, ಕೆಟಲೇಸ್ ಅದನ್ನು ನೀರು ಮತ್ತು ಪ್ರಾಣವಾಯುವಾಗಿ ಒಡೆಯುತ್ತದೆ. ಕೆಟ್ಟ ಕೊಬ್ಬಿನ ಪೆರಾಕ್ಸೈಡುಗಳನ್ನು ಶಮನಗೊಳಿಸುವ ಹೊಣೆ ಗ್ಲುಟಾಥಯೋನ್ ಪೆರಾಕ್ಸಿಡೇಸುಗಳದು.

ಕೊಲೆಸ್ಟರಾಲನ್ನು ಇಳಿಸುವುದೆಂಬ ಕಾರಣದಿಂದ ಕುಸುಬಿ ಎಣ್ಣೆಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೃದಯಮಿತ್ರನೆಂಬ ಕೀರ್ತಿ ಬಂದಿತು. 1966ರಿಂದ 1973ರವರೆಗೆ ಸಿಡ್ನಿಯಲ್ಲಿ 458 ಹೃದ್ರೋಗಿಗಳ ಮೇಲೆ ನಡೆದ ಪ್ರಯೋಗದ ಅಂಕಿಗಳನ್ನು 2013ರಲ್ಲಿ ಮತ್ತೆ ಪರಿಶೀಲಿಸಿದಾಗ, ಕುಸುಬಿ ಎಣ್ಣೆಯನ್ನು ಸೇವಿಸಿದವರಲ್ಲಿಯೇ ಮರಣ ಹೆಚ್ಚೆಂದು ಕಂಡಿತು. ಲಿನೋಲಿಕ್ ಆಮ್ಲದ ಪರವಾದ ಅಧ್ಯಯನಗಳೂ ಹಲವಿರುವುದರಿಂದ ಒಂದೇ ಪ್ರಯೋಗದ ಮೇಲೆ ತೀರ್ಪು ಕೊಡುವುದು ಅವಿವೇಕ. ಆದರೂ ಕೀರ್ತಿಯು ಪ್ರಮಾಣಕ್ಕಿಂತ ಮುಂದೆ ಓಡಿದ್ದಿತೆಂಬುದು ನಿಶ್ಚಯ.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾದ ಮೇಲೆ ಗೋವಿನಜೋಳವೂ ಕಬ್ಬೂ ಹರಡಿ, ಕುಸುಬಿಯ ಸಾಲುಗಳು ಹಿಂದೆ ಸರಿದವು. ಎತ್ತಿನ ಗಾಣವಂತೂ ಯಂತ್ರದ ಎದುರು ಮೊದಲೇ ಸೋತಿದ್ದಿತು. ಈಗ ಪಟ್ಟಣಗಳಲ್ಲಿ ‘ಗಾಣದೆಣ್ಣೆ’ ಎಂಬ ಚೀಟಿ ಹೊತ್ತ ಸೀಸೆಗಳು ತಿಂಗಳುಗಟ್ಟಲೆ ಬಿಸಿಲು ತಾಗುವ ಗೂಡಿನಲ್ಲಿ ನಿಲ್ಲುತ್ತವೆ. ಗಾಣದ ಮರವು ಎಣ್ಣೆಯನ್ನು ಗಾಳಿಯಿಂದ ಕಾಯಲಾರದು. ಕಾಯುತ್ತಿದ್ದುದು ಬೇಕಾದಷ್ಟನ್ನೇ ಆಡಿಸಿ ಬೇಗನೆ ತೀರಿಸುವ ರೂಢಿ, ಅದಕ್ಕಾದರೋ ಚೀಟಿ ಅಂಟಿಸಲು ಬರುವುದಿಲ್ಲ.