ಕೊಳೆನೀರಿನ ಹೈಡ್ರೋಜನ್

ಇಂಗ್ಲೆಂಡಿನ ಈಲಿ ಪಟ್ಟಣದ ಬಳಿ ಊಸ್ ನದಿಗೆ ಬೀಟ್ ಸಕ್ಕರೆ ಕಾರ್ಖಾನೆಯ ಕೊಳೆನೀರು ಬಂದು ಬೀಳುತ್ತಿತ್ತು. ಆ ಹೊಳೆಯ ಕೆಸರನ್ನು ಕೇಂಬ್ರಿಜ್‌ನ ಪ್ರಯೋಗಾಲಯಕ್ಕೆ ತರಿಸಿಕೊಂಡವರು ವಿಜ್ಞಾನಿ ಮಾರ್ಜರಿ ಸ್ಟೀಫನ್‌ಸನ್. 1931ರಲ್ಲಿ ಅವರೂ ಸಹೋದ್ಯೋಗಿ ಸ್ಟಿಕ್‌ಲೆಂಡ್ ಅವರೂ ಬ್ಯಾಕ್ಟೀರಿಯಾದಲ್ಲಿ ಹೈಡ್ರೋಜನ್ನಿನ ವ್ಯವಹಾರ ನೋಡಿಕೊಳ್ಳುವ ಕಿಣ್ವವನ್ನು ಗುರುತಿಸಿ, ಹೈಡ್ರೋಜಿನೇಸ್ ಎಂದು ಹೆಸರಿಟ್ಟರು.

ಹೈಡ್ರೋಜನ್ ಅದಕ್ಕೂ ಮುಂಚಿನಿಂದಲೇ ಏಳುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿಗೆ ಬೇಕಾದ ಅಸಿಟೋನನ್ನು ರಸಾಯನತಜ್ಞ ಚೈಮ್ ವೈಜ್‌ಮನ್ ಮೆಕ್ಕೆಜೋಳದ ಗಂಜಿ ಹುಳಿಸಿ ತೆಗೆದಾಗ, ತೊಟ್ಟಿಯಿಂದ ಉಕ್ಕಿದ ಅನಿಲದಲ್ಲಿ ಅದೂ ಇತ್ತು. ಯುದ್ಧಕಾಲದ ತರಾತುರಿಯಲ್ಲಿ ಎಲ್ಲರ ಕಣ್ಣೂ ಅಸಿಟೋನ್ ಮೇಲೆ.

ಇಳುವರಿಯ ಲೆಕ್ಕ ಮಾತ್ರ ಮೊದಲಿನಿಂದಲೂ ಜಿಪುಣತನದ್ದು. ಒಂದು ಗ್ಲೂಕೋಸ್ ಅಣುವನ್ನು ಪೂರ್ತಿ ಒಡೆದರೆ 12 ಹೈಡ್ರೋಜನ್ ಅಣು ಸಿಗಬೇಕು. ಬೆಳಕಿಲ್ಲದೆ ಹುಳಿಸುವ ಕತ್ತಲ ತೊಟ್ಟಿಯ ಬ್ಯಾಕ್ಟೀರಿಯಾ ಕೊಡುವುದು ಹೆಚ್ಚೆಂದರೆ 4, ಅದೂ ಅಸಿಟಿಕ್ ಆಮ್ಲದ ದಾರಿ ಹಿಡಿದರೆ. ಬ್ಯುಟಿರಿಕ್ ಆಮ್ಲದತ್ತ ತಿರುಗಿದರೆ 2ಕ್ಕೇ ಸಮಾಧಾನಪಡಬೇಕು. ಸಾಲದ್ದಕ್ಕೆ, ಕೆಸರಿನಲ್ಲೇ ಮನೆಮಾಡಿರುವ ಮೀಥೇನ್‌ಜನಕ ಜೀವಿಗಳು ಹುಟ್ಟಿದ ಹೈಡ್ರೋಜನ್ನನ್ನು ಅಲ್ಲೇ ತಿಂದು ಮುಗಿಸುತ್ತವೆ.

ಇದಕ್ಕೆ ಸಂಶೋಧಕರು ಕಂಡುಕೊಂಡ ಉಪಾಯ ನಮ್ಮ ಅಡುಗೆಮನೆಯಷ್ಟೇ ಸರಳ: ಕೆಸರನ್ನು ಬಿಸಿಮಾಡುವುದು. ಕಾವಿಗೆ ಮೀಥೇನ್‌ಜನಕಗಳು ಸಾಯುತ್ತವೆ. ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಗಟ್ಟಿ ಬೀಜಕಗಳಾಗಿ ಉಳಿದು, ತಣಿದ ಮೇಲೆ ಮತ್ತೆ ಚಿಗುರುತ್ತವೆ. ಆಮೇಲೆ ನೀರನ್ನು ಸ್ವಲ್ಪ ಹುಳಿಯಾಗಿಯೇ, ಪಿಎಚ್ 5.5ರ ಆಸುಪಾಸಿನಲ್ಲಿ ಇಡುತ್ತಾರೆ. ನೈಟ್ರೋಜನ್ ಊದಿ ಹೈಡ್ರೋಜನ್ನನ್ನು ಆಗಾಗ ಹೊರಗೆಳೆಯುವುದೂ ಉಂಟು. ಅದು ತೊಟ್ಟಿಯಲ್ಲೇ ದಟ್ಟೈಸಿದರೆ ಉತ್ಪಾದನೆ ಕುಂಟುತ್ತದೆ.

ಭಾರತದಲ್ಲಿ ಖರಗ್‌ಪುರದ ಐಐಟಿ ಬೇರೆ ದಾರಿ ಹಿಡಿಯಿತು. ಅಲ್ಲಿನವರು ಎಲೆಯ ರಸದಿಂದ ಪ್ರತ್ಯೇಕಿಸಿದ ಎಂಟರೋಬ್ಯಾಕ್ಟರ್ ತಳಿಯೊಂದು ಒಂದು ಸುಕ್ರೋಸ್ ಅಣುವಿಗೆ 6 ಹೈಡ್ರೋಜನ್ ಅಣು ಕೊಟ್ಟಿತೆಂದು 2000ದಲ್ಲಿ ಪ್ರಕಟವಾಯಿತು. ಕತ್ತಲ ತೊಟ್ಟಿಯಲ್ಲಿ ಸುಕ್ರೋಸಿನ ಗರಿಷ್ಠ ಮಿತಿಯೇ 8 ಆಗಿರುವಾಗ ಇದು ಸಣ್ಣ ಸಾಧನೆಯಲ್ಲ. ಚೆನ್ನೈನ ಮುರುಗಪ್ಪ ಚೆಟ್ಟಿಯಾರ್ ಸಂಶೋಧನಾ ಕೇಂದ್ರದವರು ಡಿಸ್ಟಿಲರಿಯ ಕೊಳೆನೀರನ್ನೇ ದೊಡ್ಡ ತೊಟ್ಟಿಗೆ ಹಾಕಿ ನೋಡಿದರು. 2008ರಲ್ಲಿ ಆ ಫಲಿತಾಂಶ ಅಚ್ಚಾಯಿತು.

ಕಬ್ಬಿನ ಸೀಮೆಯಾದ ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಹತ್ತು ಲೀಟರಿಗೂ ಮಿಕ್ಕಿ ಸ್ಪೆಂಟ್ ವಾಶ್ ಎಂಬ ಕಂದು ಕೊಳೆನೀರು ಉಳಿಯುವುದು ಸಾಮಾನ್ಯ. ಆದರೆ ಹೈಡ್ರೋಜನ್ ತೆಗೆದ ಮೇಲೂ ಕೊಳೆನೀರಿನ ಬಹುಪಾಲು ಶಕ್ತಿ ಆಮ್ಲಗಳಲ್ಲೇ ಕೂತಿರುತ್ತದೆ. ಆ ಆಮ್ಲಗಳನ್ನು ಮೀಥೇನ್ ಆಗಿಸುವ ತೊಟ್ಟಿಯನ್ನು ಹಿಂದೆಯೇ ಜೋಡಿಸದೆ, ಹೈಡ್ರೋಜನ್ ತೊಟ್ಟಿ ಒಂದನ್ನೇ ಕಟ್ಟಿ ಕೂತರೆ ಖರ್ಚು ಗಿಟ್ಟುವುದಿಲ್ಲ.