ಗದಗ ಸೀಮೆಯ ಸ್ವರಸಂಯೋಜನೆ: ಕಂಪನಿ ನಾಟಕದಿಂದ ಪುಣ್ಯಾಶ್ರಮಕ್ಕೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಸ್ವರಸಂಯೋಜನೆ ಎಂಬುದು ಪ್ರತ್ಯೇಕ ಕಸುಬಾಗಿ ಬೆಳೆದದ್ದಲ್ಲ. ನಾಟಕ ಬರೆದವರು, ಕೀರ್ತನೆ ಮಾಡಿದವರು, ಪೇಟಿ ಮಾಸ್ತರರು, ಮಠದ ಗವಾಯಿಗಳು ತಮಗೆ ಬೇಕಾದ ಧಾಟಿಯನ್ನು ತಾವೇ ಕಟ್ಟಿಕೊಂಡರು. ಹೀಗಾಗಿ ಇಲ್ಲಿನ ಸಂಯೋಜಕರ ಚರಿತ್ರೆಯನ್ನು ರಂಗಭೂಮಿ, ಮಠ ಮತ್ತು ಪಾಠಶಾಲೆಗಳ ಚರಿತ್ರೆಯಿಂದ ಬಿಡಿಸಿ ನೋಡಲು ಬರುವುದಿಲ್ಲ.

ಮೊದಲ ಒತ್ತಡ ರಂಗಭೂಮಿಯಿಂದ ಬಂತು. 1870ರ ದಶಕದಲ್ಲಿ ಮರಾಠಿ ನಾಟಕಗಳ ಅಬ್ಬರ ಜೋರಾಗಿದ್ದಾಗ ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಗದಗದಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಮುಂದೆ ಶಿರಹಟ್ಟಿ ವೆಂಕೋಬರಾಯರ ಕಂಪನಿ, ಗದಗದ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಊರೂರು ತಿರುಗಿದವು. ಮೈಕು ಇಲ್ಲದ ಕಾಲದ ರಂಗಗೀತೆಗೆ ತನ್ನದೇ ನಿಯಮಗಳಿದ್ದವು: ಶ್ರುತಿ ಏರಿರಬೇಕು, ರಾಗ ಮೊದಲ ಸಾಲಿನಲ್ಲೇ ಗುರುತು ಸಿಗಬೇಕು, ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ಅದೇ ಪದವನ್ನು ಹೊಸ ತಾನುಗಳೊಂದಿಗೆ ಹಾಡಬೇಕು. ಖಯಾಲಿನ ವಿಸ್ತಾರವನ್ನು ಐದು ನಿಮಿಷಕ್ಕೆ ಇಳಿಸುವ ಕಲೆ ಇಲ್ಲಿಯೇ ಪಳಗಿತು. ಇದನ್ನು ಶಾಸ್ತ್ರೀಯ ಸಂಗೀತದ ಅಗ್ಗದ ರೂಪವೆಂದು ಮೂಗು ಮುರಿಯುವುದು ಅನ್ಯಾಯ. ಈ ಭಾಗದ ಸಾಮಾನ್ಯರ ಕಿವಿ ರಾಗಕ್ಕೆ ಒಗ್ಗಿದ್ದರಲ್ಲಿ ಕಂಪನಿ ನಾಟಕದ ಪಾಲು ದೊಡ್ಡದು.

ಎರಡನೆಯ ಘಟ್ಟ ಪಂಚಾಕ್ಷರಿ ಗವಾಯಿಗಳದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಈ ಅಂಧ ಬಾಲಕನನ್ನು ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತಕ್ಕೆ ಹಚ್ಚಿದರು. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಳಗಿದ ಅವರು ಶಿಷ್ಯರನ್ನು ಕಟ್ಟಿಕೊಂಡು ಊರಿಂದ ಊರಿಗೆ ಸಾಗುತ್ತಲೇ ಪಾಠ ಹೇಳಿದರು. ಆ ಸಂಚಾರಿ ಶಾಲೆ ಕೊನೆಗೆ ಗದಗದ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ಅಂಧರಿಗೂ ಬಡಮಕ್ಕಳಿಗೂ ಊಟ, ವಸತಿ, ವಿದ್ಯೆ ಅಲ್ಲಿ ಉಚಿತ. 1936ರಲ್ಲಿ ಹಂಪಿಯಲ್ಲಿ ನಡೆದ ವಿಜಯನಗರದ ಆರುನೂರನೆಯ ವರ್ಷದ ಉತ್ಸವದಲ್ಲಿ ಶಿಷ್ಯ ಬಸವರಾಜ ರಾಜಗುರು ಹಾಡಿದಾಗ ತಬಲಾಕ್ಕೆ ಕೂತವರು ಗುರುಗಳೇ.

ಸಂಯೋಜನೆಯ ದೃಷ್ಟಿಯಿಂದ ಈ ಪರಂಪರೆಯ ಮುಖ್ಯ ಕೆಲಸ ವಚನಗಾಯನ. ವಚನ ಗದ್ಯಕ್ಕೆ ಹತ್ತಿರ. ಅದಕ್ಕೆ ಕೀರ್ತನೆಯ ಪಲ್ಲವಿಯಿಲ್ಲ, ಖಯಾಲಿನ ಚೀಜಿಗಿರುವ ಸ್ಥಾಯಿ-ಅಂತರಾಗಳಿಲ್ಲ, ಸಾಲುಗಳ ಮಾತ್ರೆ ಸಮವಿಲ್ಲ. ರಾಗಕ್ಕೆ ಅಳವಡಿಸುವವರು ಮರಳಿ ಮರಳಿ ಬರಬಲ್ಲ ಒಂದು ಸಾಲನ್ನು ಆರಿಸಿಕೊಳ್ಳಬೇಕು. ಉಳಿದ ಸಾಲುಗಳನ್ನು ತಾಳದ ಆವರ್ತನದಲ್ಲಿ ಹಿಗ್ಗಿಸಿ ಕುಗ್ಗಿಸಬೇಕು. ಆದರೂ ಅರ್ಥ ತುಂಡಾಗಬಾರದು. ಅಂಕಿತ ಬರುವ ಹೊತ್ತಿಗೆ ರಾಗವೂ ನೆಲೆ ಮುಟ್ಟಿರಬೇಕು. ತಾನಿನ ಆಸೆಗೆ ಮಾತನ್ನು ಬಲಿಕೊಟ್ಟರೆ ವಚನ ಉಳಿಯುವುದಿಲ್ಲ, ಮಾತಿಗಷ್ಟೇ ಅಂಟಿಕೊಂಡರೆ ಗಾಯನ ಉಳಿಯುವುದಿಲ್ಲ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಸಿದ್ಧರಾಮ ಜಂಬಲದಿನ್ನಿ ಈ ಹದವನ್ನು ಹಿಡಿದು ವಚನಗಾಯನದಲ್ಲೇ ಹೆಸರು ಮಾಡಿದರು.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ ಆಶ್ರಮದ ಹೊಣೆ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲೇರಿತು. ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿ, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು ಅವರು. ಕವಿ, ನಾಟಕಕಾರ, ಗಾಯಕ, ಹಲವು ವಾದ್ಯಗಳ ವಾದಕ, ಎಲ್ಲವೂ ಒಬ್ಬರಲ್ಲೇ ಸೇರಿದ್ದರಿಂದ ಅವರ ಸಾಹಿತ್ಯ ಮತ್ತು ಧಾಟಿ ಒಟ್ಟೊಟ್ಟಿಗೇ ಹುಟ್ಟುತ್ತಿದ್ದವು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು. ಹಿಂದಿಯಲ್ಲಿ ಬಸವಪುರಾಣ ರಚಿಸಿದರು. ಆಶ್ರಮದ ನಾಟ್ಯಸಂಘಕ್ಕೆ ಶರಣರ ಕಥೆಗಳ ನಾಟಕ ಬರೆದು ಹಾಡುಗಳನ್ನು ಕೂಡಿಸಿದರು. ಆ ನಾಟಕಗಳ ಗಳಿಕೆ ಆಶ್ರಮದ ಮಕ್ಕಳ ಊಟಕ್ಕೆ ಸಲ್ಲುತ್ತಿತ್ತು. ಕಂಪನಿ ನಾಟಕ ಮತ್ತು ಗುರುಕುಲ ಇಲ್ಲಿ ಒಂದೇ ಸೂರಿನಡಿ ಬಂದವು. ಭಕ್ತರು ‘ಅಜ್ಜಾರು’ ಎಂದು ಕರೆದು ತುಲಾಭಾರ ಮಾಡಿದ್ದಕ್ಕೆ ಲೆಕ್ಕವಿಲ್ಲ. ಭಕ್ತಿಯ ಈ ಅಬ್ಬರದಲ್ಲಿ ಸಂಯೋಜಕರಾಗಿ ಅವರ ಕೆಲಸಕ್ಕೆ ವಿಮರ್ಶೆಯ ಗಮನ ಕಡಿಮೆಯೇ ಸಿಕ್ಕಿತು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು.

ಆಶ್ರಮದ ಪಾಠಕ್ರಮವೂ ರಚನೆಗಳ ಸ್ವರೂಪವನ್ನು ತಿದ್ದಿತು. ಕಣ್ಣಿಲ್ಲದ ವಿದ್ಯಾರ್ಥಿಗೆ ಬರೆದಿಟ್ಟ ಸ್ವರಲಿಪಿಗಿಂತ ಗುರುವಿನ ಕಂಠವೇ ಪುಸ್ತಕ. ಕೇಳಿ ಕಂಠಪಾಠ ಮಾಡಬೇಕಾದ ರಚನೆಯ ಮುಖಡಾ, ಅಂದರೆ ಮರಳಿ ಬರುವ ಮೊದಲ ಸಾಲು, ಚೊಕ್ಕಟವಾಗಿ, ನೆನಪಿನಲ್ಲಿ ನಿಲ್ಲುವಂತೆ ಇರಬೇಕಾಗುತ್ತದೆ. ಹೀಗೆ ಕಲಿತವರು ಶಾಲೆಗಳಿಗೆ ಸಂಗೀತ ಶಿಕ್ಷಕರಾಗಿ, ಮಠಗಳ ಪುರಾಣ ಪ್ರವಚನಕ್ಕೆ ಗವಾಯಿಗಳಾಗಿ ಹೋದರು. ಧಾಟಿಗಳೂ ಅವರೊಂದಿಗೆ ಹಳ್ಳಿಗಳಿಗೆ ಹಬ್ಬಿದವು.

ಇದೇ ಜಿಲ್ಲೆಯ ನೆಲದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ದಾರಿ ಬೇರೆ. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು ಪುಣೆಯಲ್ಲಿ ನೆಲೆಸಿದ ಅವರು ಕಲಾಶ್ರೀಯಂಥ ರಾಗವನ್ನು ರೂಪಿಸಿದರು, ದಾಸರ ಪದಗಳನ್ನು ಹಿಂದೂಸ್ತಾನಿ ಕಛೇರಿಗೆ ತಂದರು.

ಪುಣ್ಯಾಶ್ರಮದ ಪರಂಪರೆ ಮುಂದೆ ಬೆಳ್ಳಿತೆರೆಗೂ ಬಂತು. 1995ರಲ್ಲಿ ತೆರೆಕಂಡ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರ ಹಂಸಲೇಖ ಅವರಿಗೆ ಸಂಗೀತ ನಿರ್ದೇಶನದ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿ ತಂದಿತು. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದಲ್ಲಿ ನಡೆಯತೊಡಗಿದ ಪುಲಿಗೆರೆ ಉತ್ಸವ ಶಾಸ್ತ್ರೀಯ ಕಛೇರಿಗೆ ಹೊಸ ವೇದಿಕೆಯಾಯಿತು. ಪುಟ್ಟರಾಜರಲ್ಲಿ ಹನ್ನೆರಡು ವರ್ಷ ಕಲಿತ ಎಂ. ವೆಂಕಟೇಶಕುಮಾರ್ 2016ರಲ್ಲಿ ಪದ್ಮಶ್ರೀ ಪಡೆದರು. ಖಯಾಲಿನ ಜೊತೆ ವಚನ, ದಾಸರ ಪದಗಳನ್ನೂ ಹಾಡುವ ಆಶ್ರಮದ ಕ್ರಮ ಅವರ ಕಛೇರಿಗಳಲ್ಲಿ ಮುಂದುವರಿದಿದೆ.