ರವೀಂದ್ರರ ಕಾರವಾರವಾಸವೂ ಪರಲೋಕ ಜಿಜ್ಞಾಸೆಯೂ

ಕಾರವಾರದಿಂದ ಕಾಳಿ ನದಿಯನ್ನು ಹಿಡಿದು ಒಳನಾಡಿನತ್ತ ಹೋದರೆ ಹಣಕೋಣವೆಂಬ ಊರು ಸಿಕ್ಕುತ್ತದೆ. ವರ್ಷದಲ್ಲಿ ಏಳೇ ದಿನ ಬಾಗಿಲು ತೆರೆಯುವ ಸಾತೇರಿ ದೇವಿಯ ಗುಡಿಯಿಂದಾಗಿ ಈ ಊರಿನ ಹೆಸರು ದೂರದವರಿಗೂ ಪರಿಚಿತವಾಗಿದೆ. ಕಾರವಾರ ಅಂಕೋಲೆಗಳ ಈ ನದೀತೀರಗಳಲ್ಲಿ ಉತ್ತರಕ್ರಿಯೆಯ ಹತ್ತನೆಯ ದಿನ ಕಾಣುವ ನೋಟವೊಂದುಂಟು. ಪಿಂಡವನ್ನಿಟ್ಟು ಮನೆಯವರು ದೂರ ಸರಿದು ನಿಲ್ಲುವರು. ಕಾಗೆಯು ಬಂದು ಮುಟ್ಟಿದರೆ ಹೋದ ಜೀವಕ್ಕೆ ತೃಪ್ತಿಯಾಯಿತೆಂದು ಭಾವನೆ. ಬಾರದಿದ್ದರೆ ಹಿರಿಯರೊಬ್ಬರು ಮುಂದೆ ಬಂದು, ಮಗಳ ಮದುವೆಯನ್ನು ತಾವು ನಡೆಸುವೆವೆಂದೋ ಉಳಿದ ಸಾಲವನ್ನು ತೀರಿಸುವೆವೆಂದೋ ಸತ್ತವನಿಗೆ ಕೇಳಿಸುವಂತೆ ಮಾತು ಕೊಡುವರು. ಅಷ್ಟರಲ್ಲಿ ಕಾಗೆಯು ಇಳಿದು ಬಂದಿತೆಂದರೆ ನಿಂತವರ ಕಣ್ಣು ತುಂಬುತ್ತದೆ. ಎಷ್ಟು ಹೊತ್ತಾದರೂ ಬಾರದೆಹೋದರೆ ದರ್ಭೆಯ ಕಾಗೆಯನ್ನು ಮಾಡಿ ಮುಟ್ಟಿಸುವ ಉಪಾಯವೂ ಇದೆ. ಕಾಗೆಗೆ ಹಸಿವಿತ್ತು, ಜನರು ಸರಿದು ನಿಂತುದರಿಂದ ಅದರ ಅಂಜಿಕೆ ಹೋಯಿತು ಎಂದು ಪ್ರಾಣಿಶಾಸ್ತ್ರವನ್ನು ಓದಿದವನು ಹೇಳಬಹುದು. ಆ ಮಾತು ಸುಳ್ಳೂ ಅಲ್ಲ. ಆದರೆ ಅದನ್ನು ಅಲ್ಲಿಯೇ ನಿಂತು, ಆ ಮಗಳ ಎದುರಿನಲ್ಲಿ ಹೇಳುವವರು ವಿರಳ.

ಇಲ್ಲಿ ಒಂದು ವಿನೋದವನ್ನು ಗಮನಿಸಬೇಕು. ನಮ್ಮ ಪ್ರಾಚೀನ ವಾದಸಭೆಗಳಲ್ಲಿ ಪ್ರತ್ಯಕ್ಷವೊಂದೇ ಪ್ರಮಾಣವೆಂದು ಹಟ ಹಿಡಿದವನು ಚಾರ್ವಾಕನು. ಪರಲೋಕವು ಕಣ್ಣಿಗೆ ಕಾಣದು, ಆದುದರಿಂದ ಅದಿಲ್ಲ ಎಂಬುದು ಅವನ ವಾದದ ಬಲ. ಆಸ್ತಿಕರು ಅನುಮಾನವನ್ನೂ ಆಪ್ತವಾಕ್ಯವನ್ನೂ ಮುಂದೆ ಮಾಡಿ ಅವನನ್ನು ಎದುರಿಸಿದರು. ಕಳೆದ ನೂರೈವತ್ತು ವರ್ಷಗಳಲ್ಲಿ ಈ ಆಯುಧಗಳು ಕೈ ಬದಲಾಯಿಸಿದಂತೆ ತೋರುತ್ತದೆ. ಈಗ ‘ನಾನು ಕಂಡೆನು, ನಾನು ಕೇಳಿದೆನು’ ಎನ್ನುವವನು ಪರಲೋಕವನ್ನು ನಂಬುವವನು. ಕಂಡುದನ್ನೆಲ್ಲ ನಂಬಲಾಗದು, ಕಂಡ ಬಗೆಯನ್ನು ಪರೀಕ್ಷಿಸಬೇಕು ಎನ್ನುವವನು ಶಾಸ್ತ್ರಜ್ಞನು. ಈ ಎರಡು ಮಾತುಗಳೂ ಒಂದೇ ಮನೆಯಲ್ಲಿ, ಎಷ್ಟೋ ವೇಳೆ ಒಂದೇ ಮನಸ್ಸಿನಲ್ಲಿ ವಾಸಿಸುವುದುಂಟು. ಅಂತಹ ಮನಸ್ಸೊಂದರ ಕಥೆಗೆ ಕಾರವಾರದೊಡನೆ ಸಂಬಂಧವಿದೆ.

1883ನೆಯ ಇಸವಿಯಲ್ಲಿ ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಐ. ಸಿ. ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು ಇವರೇ. ಇವರ ತಮ್ಮಂದಿರಾದ ಜ್ಯೋತಿರಿಂದ್ರನಾಥರೂ ರವೀಂದ್ರನಾಥರೂ, ಜ್ಯೋತಿರಿಂದ್ರರ ಪತ್ನಿ ಕಾದಂಬರೀ ದೇವಿಯವರೂ ಆ ವರ್ಷ ಇಲ್ಲಿಗೆ ಬಂದು ಕೆಲಕಾಲ ತಂಗಿದರು. ರವೀಂದ್ರರಿಗೆ ಆಗ ಇಪ್ಪತ್ತೆರಡು ವರ್ಷ. ಒಂದು ಬೆಳುದಿಂಗಳ ರಾತ್ರಿ ಇವರೆಲ್ಲ ಸಣ್ಣ ದೋಣಿಯೊಂದರಲ್ಲಿ ಕಾಳಿ ನದಿಯ ಮೇಲ್ಭಾಗಕ್ಕೆ ಹೋದ ಸಂಗತಿಯನ್ನು ರವೀಂದ್ರರು ತಮ್ಮ ‘ಜೀವನಸ್ಮೃತಿ’ಯಲ್ಲಿ ಬರೆದಿದ್ದಾರೆ. ನಡುವೆ ಶಿವಾಜಿಯ ಕಾಲದ ಗುಡ್ಡದ ಕೋಟೆಯೊಂದರ ಬಳಿ ಇಳಿದು, ರೈತನೊಬ್ಬನ ಮನೆಯ ಗುಡಿಸಿ ಸ್ವಚ್ಛಗೊಳಿಸಿದ ಅಂಗಳದಲ್ಲಿ ಕುಳಿತು, ತಂದ ಬುತ್ತಿಯನ್ನು ಉಂಡರು. ಮರಳುವಾಗ ದೋಣಿಯನ್ನು ನೀರಿನ ಸೆಳೆತಕ್ಕೇ ಬಿಟ್ಟರು. ನದಿಯ ಮುಖವನ್ನು ಮುಟ್ಟುವಷ್ಟರಲ್ಲಿ ಬಹಳ ರಾತ್ರಿಯಾಗಿದ್ದುದರಿಂದ ಸಮುದ್ರಮಾರ್ಗವನ್ನು ಬಿಟ್ಟು, ಉಸುಕಿನ ಮೇಲೆ ನಡೆದುಕೊಂಡೇ ಮನೆಗೆ ಬಂದರು. ಇಂದು ಆ ಕಡಲತೀರಕ್ಕೆ ರವೀಂದ್ರರ ಹೆಸರೇ ಇದೆ.

ಕಾರವಾರದಲ್ಲಿದ್ದಾಗಲೇ ಅವರು ‘ಪ್ರಕೃತಿರ ಪ್ರತಿಶೋಧ’ವೆಂಬ ನಾಟಕವನ್ನು ಬರೆದರು. ಸನ್ಯಾಸಿಯೊಬ್ಬನು ಜಗತ್ತಿನ ಬಂಧಗಳನ್ನೆಲ್ಲ ಕಡಿದುಕೊಂಡು ಗುಹೆಯಲ್ಲಿ ಕುಳಿತು, ತಾನು ಪ್ರಕೃತಿಯನ್ನು ಗೆದ್ದೆನೆಂದು ಬೀಗುತ್ತಾನೆ. ಅನಾಥೆಯಾದ ಪುಟ್ಟ ಹುಡುಗಿಯೊಬ್ಬಳು ಅವನಿಗೆ ಅಂಟಿಕೊಳ್ಳುತ್ತಾಳೆ. ಮಮತೆಗೆ ಹೆದರಿ ಅವಳನ್ನು ತೊರೆದು ಓಡುತ್ತಾನೆ. ಮನಸ್ಸು ತಿರುಗಿ ಅವಳನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಅವಳು ಸತ್ತಿದ್ದಾಳೆ. ಎಲ್ಲವೂ ಮಾಯೆಯೆಂದು ತರ್ಕದಿಂದ ಸ್ಥಾಪಿಸಿದವನಿಗೆ ಆ ಒಂದು ಸಾವನ್ನು ಮಾತ್ರ ನಂಬಲಾಗುವುದಿಲ್ಲ. ಮರಣದ ನಿಕಟ ಪರಿಚಯವಿಲ್ಲದ ತರುಣನು ಬರೆದ ನಾಟಕವಿದು. ತಾಯಿಯು 1875ರಲ್ಲಿ ತೀರಿಕೊಂಡಾಗ ಅವರು ಬಾಲಕರು. ಆ ದುಃಖವು ಬೇಗನೆ ಮಾಸಿತ್ತು.

ಪರಿಚಯವಾಗಲು ಹೆಚ್ಚು ದಿನ ಬೇಕಾಗಲಿಲ್ಲ. 1884ರ ಏಪ್ರಿಲಿನಲ್ಲಿ ಕಾದಂಬರೀ ದೇವಿಯವರು ಕಲಕತ್ತೆಯಲ್ಲಿ ಪ್ರಾಣತ್ಯಾಗ ಮಾಡಿದರು. ಒಂಬತ್ತು ವರ್ಷದ ಸೊಸೆಯಾಗಿ ಮನೆಗೆ ಬಂದು, ರವೀಂದ್ರರಿಗೆ ಬಾಲ್ಯದ ಜೊತೆಗಾರ್ತಿಯೂ, ಅವರ ಕವಿತೆಗಳಿಗೆ ಮೊದಲ ಓದುಗಳೂ ಆಗಿದ್ದವರು ಆಕೆ. ಕಾಳಿಯ ಮೇಲೆ ತೇಲಿದ ಆ ಕುಟುಂಬಕ್ಕೆ ಒಂದು ವರ್ಷದೊಳಗೇ ಬಂದ ಆಘಾತವಿದು. ಆ ಬಳಿಕ ಎಷ್ಟೋ ರಾತ್ರಿ ಮಹಡಿಯ ಮೇಲೆ ಒಬ್ಬರೇ ಇದ್ದು, ಮೃತ್ಯುವಿನ ಆಚೆಯಿಂದ ಏನಾದರೊಂದು ಗುರುತು ಸಿಕ್ಕೀತೇ ಎಂದು ಕುರುಡನಂತೆ ಕತ್ತಲೆಯನ್ನು ತಡಕಿದುದನ್ನು ರವೀಂದ್ರರು ‘ಜೀವನಸ್ಮೃತಿ’ಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಗುರುತು ಸಿಕ್ಕಿತೆಂದು ಮಾತ್ರ ಬರೆದಿಲ್ಲ. ಪರಲೋಕದ ಅನುಭವವನ್ನು ಹೇಳುವವರು ಸಾಮಾನ್ಯವಾಗಿ ಬಂದ ಉತ್ತರಗಳನ್ನಷ್ಟೇ ಹೇಳುವರು. ಬಾರದ ಉತ್ತರವೂ ಅನುಭವವೇ ಎಂಬುದನ್ನು ಮರೆಯುವರು.

ಆಮೇಲಿನ ವರ್ಷಗಳ ಲೆಕ್ಕವು ಓದಲು ಕಷ್ಟವಾದುದು. 1902ರಲ್ಲಿ ಪತ್ನಿ ಮೃಣಾಲಿನೀ ದೇವಿ, 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಹನ್ನೊಂದು ವರ್ಷದ ಮಗ ಶಮೀಂದ್ರ, 1918ರಲ್ಲಿ ಹಿರಿಯ ಮಗಳು ಮಾಧುರೀಲತಾ. ಕಾರವಾರದ ಅಣ್ಣಂದಿರಲ್ಲಿ ಸತ್ಯೇಂದ್ರನಾಥರು 1923ರಲ್ಲಿಯೂ ಜ್ಯೋತಿರಿಂದ್ರನಾಥರು 1925ರಲ್ಲಿಯೂ ಹೋದರು.

1929ರ ಕೊನೆಯ ತಿಂಗಳುಗಳಲ್ಲಿ, ಅರುವತ್ತೆಂಟರ ವೃದ್ಧ ಕವಿಗಳು ಹಳೆಯ ಬಾಗಿಲನ್ನು ಮತ್ತೆ ತಟ್ಟಿದರು. ಅವರ ಮಿತ್ರ ಮೋಹಿತಚಂದ್ರ ಸೇನರ ಮಗಳು ಉಮಾ ಶಾಂತಿನಿಕೇತನಕ್ಕೆ ಬಂದಿದ್ದರು. ಸ್ವತಃ ಕವಯಿತ್ರಿಯಾದ ಈ ತರುಣಿಯ ಕೈಯಲ್ಲಿ ಸೀಸಕಡ್ಡಿಯನ್ನಿತ್ತರೆ, ಅದು ಸತ್ತವರ ಮಾತನ್ನು ಬರೆಯುತ್ತದೆಂದು ಪ್ರತೀತಿ. ರವೀಂದ್ರರು ಪ್ರಶ್ನೆಗಳನ್ನು ಕೇಳುವರು, ಉತ್ತರಗಳು ಕಾಗದದ ಮೇಲೆ ಮೂಡುವುವು. ಮೃಣಾಲಿನಿ, ಮಾಧುರೀಲತಾ, ಶಮೀಂದ್ರ, ಜ್ಯೋತಿರಿಂದ್ರ ಮೊದಲಾದವರ ಹೆಸರಿನಲ್ಲಿ ಬಂದ ಮಾತುಗಳನ್ನು ಬರೆದಿಟ್ಟ ವಹಿಗಳು ಶಾಂತಿನಿಕೇತನದ ರವೀಂದ್ರಭವನದಲ್ಲಿವೆ. 1923ರಲ್ಲಿ ತೀರಿಕೊಂಡಿದ್ದ ಸುಕುಮಾರ ರಾಯರು ಬಂದು, ತಮ್ಮ ಮಗನನ್ನು ಆಶ್ರಮಕ್ಕೆ ಸೇರಿಸಿಕೊಳ್ಳಬಹುದೇ ಎಂದು ಕೇಳಿದರೆಂದೂ ಹೇಳುತ್ತಾರೆ. ಆ ಮಗನೇ ಸತ್ಯಜಿತ್ ರಾಯ್. 1940ರಲ್ಲಿ ಅವರು ಶಾಂತಿನಿಕೇತನಕ್ಕೆ ವಿದ್ಯಾರ್ಥಿಯಾಗಿ ಬಂದುದು ನಿಜ. ನಂಬುವವರಿಗೆ ಇಷ್ಟು ಸಾಕು. ಆದರೆ ಮಿತ್ರನ ಮಗನು ತನ್ನ ಆಶ್ರಮದಲ್ಲಿ ಓದಲೆಂಬ ಬಯಕೆಯು ಪ್ರಶ್ನೆ ಕೇಳುತ್ತಿದ್ದವರ ಮನಸ್ಸಿನಲ್ಲಿಯೇ ಇರಬಾರದೆಂದೇನು? ಬಯಕೆ ಈಡೇರುವುದಕ್ಕೆ ಹನ್ನೊಂದು ವರ್ಷಗಳ ಅವಕಾಶವೂ ಇತ್ತು.

ಇಂತಹ ಬರೆಹದ ವಿಷಯದಲ್ಲಿ ಶಾಸ್ತ್ರವು ಏನೆನ್ನುತ್ತದೆ? ಇದಕ್ಕೆ ಉತ್ತರ 1853ರಷ್ಟು ಹಿಂದೆಯೇ ಸಿಕ್ಕಿತ್ತು. ಆಗ ಇಂಗ್ಲಂಡದಲ್ಲಿ ಹಲವರು ಮೇಜಿನ ಸುತ್ತ ಕುಳಿತು ಅದರ ಮೇಲೆ ಕೈಯಿಟ್ಟರೆ, ಪ್ರೇತಶಕ್ತಿಯಿಂದ ಮೇಜು ತಾನೇ ತಿರುಗುವುದೆಂಬ ಹುಚ್ಚು ಹಬ್ಬಿತ್ತು. ವಿದ್ಯುಚ್ಛಾಸ್ತ್ರದ ಮಹಾಪುರುಷನಾದ ಮೈಕೇಲ್ ಫ್ಯಾರಡೆಯು ಕೈಗೂ ಮೇಜಿಗೂ ನಡುವೆ ರಟ್ಟಿನ ಹಾಳೆಗಳನ್ನು ಮೆತ್ತನೆಯ ಅಂಟಿನಿಂದ ಒಂದರ ಮೇಲೊಂದು ಜೋಡಿಸಿಟ್ಟನು. ಮೇಜು ಮೊದಲು ಚಲಿಸಿ ಕೈಯನ್ನು ಎಳೆದಿದ್ದರೆ ಕೆಳಗಿನ ಹಾಳೆಯು ಮುಂದೆ ಸರಿದಿರಬೇಕು, ಸರಿದಿದ್ದುದು ಮೇಲಿನದು. ಎಂದರೆ ಕೈಗಳೇ ಮೇಜನ್ನು ತಳ್ಳಿದ್ದುವು. ಬಳಿಕ ಕೈಯ ಅಲುಗಾಟವನ್ನು ತೋರಿಸುವ ಒಂದು ಮುಳ್ಳನ್ನು ಕುಳಿತವರ ಕಣ್ಣೆದುರಿಗೆ ಇಟ್ಟನು. ಅದನ್ನು ನೋಡುತ್ತಿರುವಷ್ಟು ಕಾಲ ಮೇಜು ತಿರುಗಲೇ ಇಲ್ಲ. ಫ್ಯಾರಡೆಯು ಯಾರನ್ನೂ ಸುಳ್ಳುಗಾರರೆನ್ನಲಿಲ್ಲ. ಮೋಸ ಮಾಡುವುದು ಬೇರೆ, ತನಗೇ ಅರಿವಿಲ್ಲದೆ ಕೈ ಚಲಿಸುವುದು ಬೇರೆ. ಉಮಾರ ಪ್ರಾಮಾಣಿಕತೆಯನ್ನು ಶಂಕಿಸದೆಯೇ ಅವರ ಬರೆಹಕ್ಕೂ ಇದೇ ಕಾರಣವನ್ನು ಹೇಳಬಹುದು. ರವೀಂದ್ರರ ಕಾವ್ಯದಲ್ಲಿ ಬೆಳೆದ, ಅವರ ಮನೆತನದ ಪರಿಚಯವಿದ್ದ ಕವಯಿತ್ರಿಯ ಕೈಯು ರವೀಂದ್ರರ ಮನೆಯ ಮಾತನ್ನು ಬರೆದುದರಲ್ಲಿ ಆಶ್ಚರ್ಯವಿಲ್ಲ. ಉಮಾ ಸಹ 1931ರಲ್ಲಿ, ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು.

ಶಾಸ್ತ್ರಜ್ಞರೆಲ್ಲರೂ ಫ್ಯಾರಡೆಯ ಹಾದಿಯನ್ನು ಹಿಡಿದರೆಂದಲ್ಲ. ಠಾಕೂರರು ಕಾರವಾರಕ್ಕೆ ಬಂದುದರ ಹಿಂದಿನ ವರ್ಷ, 1882ರಲ್ಲಿ, ಇಂತಹ ಸಂಗತಿಗಳ ಸಂಶೋಧನೆಗಾಗಿಯೇ ಲಂಡನ್ನಿನಲ್ಲಿ ಸೊಸಾಯಿಟಿ ಫಾರ್ ಸೈಕಿಕಲ್ ರಿಸರ್ಚ್ ಎಂಬ ಸಂಘವು ಹುಟ್ಟಿತ್ತು. ಅದು 17,000 ಜನರನ್ನು ಪ್ರಶ್ನಿಸಿ 1894ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎಚ್ಚರವಿದ್ದಾಗಲೇ ಇಲ್ಲದ ವ್ಯಕ್ತಿಯನ್ನು ಕಂಡ, ಅಥವಾ ಇಲ್ಲದ ದನಿಯನ್ನು ಕೇಳಿದ ಅನುಭವವು ಹತ್ತರಲ್ಲಿ ಒಬ್ಬರಿಗೆ ಆಗಿತ್ತು. ಅಂದಮೇಲೆ ಇಂತಹ ಅನುಭವವು ಹುಚ್ಚರ ಸೊತ್ತಲ್ಲ. ಕಂಡ ವ್ಯಕ್ತಿಯು ಅದೇ ಸುಮಾರಿಗೆ ಸತ್ತಿದ್ದ ಪ್ರಸಂಗಗಳು ಆಕಸ್ಮಿಕದ ಲೆಕ್ಕಕ್ಕಿಂತ ಬಹಳ ಹೆಚ್ಚಾಗಿವೆಯೆಂದೂ ಆ ವರದಿಯು ವಾದಿಸಿತು. ಆದರೆ ಫಲಿಸಿದ ಕನಸನ್ನು ಮನಸ್ಸು ನೆನಪಿಡುವುದು, ಫಲಿಸದ ನೂರನ್ನು ಮರೆಯುವುದು. ವರುಷಗಳ ಬಳಿಕ ಹೇಳುವಾಗ ದಿನವೂ ಗಳಿಗೆಯೂ ತಾವಾಗಿಯೇ ಹೊಂದಿಕೊಳ್ಳುವುವು. ಬಂದ ಕಾಗೆಗಳನ್ನು ಎಣಿಸಿದಂತೆ ಬಾರದ ಕಾಗೆಗಳನ್ನು ಯಾರೂ ಎಣಿಸರು. ಭೌತಶಾಸ್ತ್ರದ ಪ್ರಸಿದ್ಧ ಪಂಡಿತನಾದ ಆಲಿವರ್ ಲಾಡ್ಜನು ಕೂಡ, 1915ರ ಯುದ್ಧದಲ್ಲಿ ಮಡಿದ ಮಗನ ಸಂದೇಶಗಳೆಂದು ನಂಬಿ, ‘ರೇಮಂಡ್’ ಎಂಬ ಗ್ರಂಥವನ್ನು ಮರುವರ್ಷವೇ ಪ್ರಕಟಿಸಿದನು. ದುಃಖದ ಮುಂದೆ ಪ್ರಯೋಗಶಾಲೆಯ ಅಭ್ಯಾಸವೂ ನಿಲ್ಲಲಿಲ್ಲ.

ನಮ್ಮ ನಾಡಿನಲ್ಲಿ ಈ ಶೋಧನೆಯು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಡೆಯಿತು. ಅಲ್ಲಿಯ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರಿಚಾ ಅವರು ಅಮೇರಿಕೆಯ ಇಯಾನ್ ಸ್ಟೀವನ್ಸನ್ನರೊಡನೆ, ಸತ್ತು ಬದುಕಿದೆವೆನ್ನುವ ಉತ್ತರ ಭಾರತದ 16 ಜನರ ವೃತ್ತಾಂತಗಳನ್ನು 1986ರಲ್ಲಿ ಪ್ರಕಟಿಸಿದರು. 1993ರಲ್ಲಿ ದಕ್ಷಿಣ ಭಾರತದ ಇಂತಹುದೇ ಸಮೀಕ್ಷೆಯನ್ನೂ ಹೊರತಂದರು. ಅದು ನಡೆದುದು ಚನ್ನಪಟ್ಟಣದ ಕಡೆಯ ಹಳ್ಳಿಗಳಲ್ಲಿ. ಉತ್ತರ ಭಾರತದ ಕಥೆಗಳಲ್ಲಿ ದೂತರು ಬಂದು ಎಳೆದೊಯ್ಯುವರು, ಲೆಕ್ಕದ ಪುಸ್ತಕವುಳ್ಳವನ ಮುಂದೆ ನಿಲ್ಲಿಸುವರು. ಅವನು ನೋಡಿ, ಕರೆತರಬೇಕಾದವನು ಬೇರೆಯವನೆಂದು ಗದರಿಸಿ ಮರಳಿ ಕಳಿಸುವನು. ಅಮೇರಿಕೆಯವರ ವೃತ್ತಾಂತಗಳಲ್ಲಿ ಈ ಲೆಕ್ಕದ ತಪ್ಪು ಕಾಣುವುದಿಲ್ಲ. ಅಲ್ಲಿ ಸತ್ತ ಬಂಧುಗಳು ಎದುರುಗೊಳ್ಳುವರು. ಆ ಹೊತ್ತಿನಲ್ಲಿ ಮನಸ್ಸಿಗೆ ಏನೋ ಗೋಚರಿಸುವುದು ದಿಟವಾದರೂ, ಅದು ಉಟ್ಟ ಬಟ್ಟೆ ಆಯಾ ನಾಡಿನದೇ ಎಂದಾಯಿತು.

ರವೀಂದ್ರರ ಕಡೆಗೆ ಮರಳೋಣ. ಸತ್ತವರೊಡನೆ ಮಾತಾಡಿದ ಐದು ವರ್ಷಗಳೊಳಗೆ ಅವರು ವಿಜ್ಞಾನದ ಪಕ್ಷವಾಗಿ ಮಹಾತ್ಮರನ್ನೇ ಎದುರಿಸಿದರೆಂಬುದನ್ನು ಬಲ್ಲವರು ಕಡಿಮೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಅದು ಅಸ್ಪೃಶ್ಯತೆಯ ಪಾಪಕ್ಕೆ ದೈವವು ಕೊಟ್ಟ ಶಿಕ್ಷೆಯೆಂದು ಗಾಂಧೀಜಿಯವರು ಹೇಳಿದರು. ಅಸ್ಪೃಶ್ಯತೆಯನ್ನು ಅವರಷ್ಟೇ ದ್ವೇಷಿಸುತ್ತಿದ್ದ ರವೀಂದ್ರರು, ಭೌತಿಕ ಘಟನೆಗೆ ಭೌತಿಕ ಕಾರಣವನ್ನೇ ಹುಡುಕಬೇಕೆಂದೂ, ಇಂತಹ ವ್ಯಾಖ್ಯಾನವು ಜನರ ಅವಿಚಾರವನ್ನು ಬೆಳೆಸುವುದೆಂದೂ ಪ್ರತಿಭಟಿಸಿದರು. ಆ ಪ್ರತಿಭಟನೆಯನ್ನು ಗಾಂಧೀಜಿಯವರು ತಮ್ಮ ಉತ್ತರದೊಡನೆ ಫೆಬ್ರುವರಿ 16ರ ‘ಹರಿಜನ’ದಲ್ಲಿ ಪ್ರಕಟಿಸಿದರು. ಅದೇ ಹರಿಜನ ಪ್ರವಾಸದಲ್ಲಿ ಅವರು ಉತ್ತರ ಕನ್ನಡಕ್ಕೂ ಬಂದಿದ್ದರು. ಮುಂದೆ 1937ರಲ್ಲಿ ರವೀಂದ್ರರು ಬಂಗಾಲಿಯ ಸಾಮಾನ್ಯ ವಾಚಕರಿಗಾಗಿ ‘ವಿಶ್ವಪರಿಚಯ’ವೆಂಬ ವಿಜ್ಞಾನಗ್ರಂಥವನ್ನು ಬರೆದು, ಭೌತಶಾಸ್ತ್ರಜ್ಞ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು.

ಇದನ್ನು ಕೆಲವರು ವಿರೋಧಾಭಾಸವೆನ್ನುವರು. ಅದು ಸರಿಯಾಗಿ ತೋರುವುದಿಲ್ಲ. ಭೂಕಂಪದ ಮಾತು ಸಾವಿರಾರು ಹೆಣಗಳ ಅರ್ಥವನ್ನು ಎಲ್ಲರಿಗಾಗಿ ನಿರ್ಣಯಿಸುವ ಮಾತು. ಅದು ಪ್ರಮಾಣವನ್ನು ಕೊಡಲೇಬೇಕು. ಉಮಾರ ಕೈಬರೆಹವು ಒಬ್ಬ ತಂದೆಯು ಮಗನನ್ನು ಕೇಳಿದ ಪ್ರಶ್ನೆ. ತಿಳಿಯದ ಮಾತ್ರಕ್ಕೆ ಇಲ್ಲವೆನ್ನಲಾಗದೆಂದು ಕವಿಗಳು ಆಪ್ತರೊಡನೆ ಹೇಳುತ್ತಿದ್ದರು. ಆದರೆ ಆ ವಹಿಗಳನ್ನು ಹಿಡಿದು ಲಾಡ್ಜನಂತೆ ಪರಲೋಕವನ್ನು ಸಿದ್ಧಪಡಿಸುವ ಗ್ರಂಥವನ್ನು ಬರೆಯಲಿಲ್ಲ, ಯಾರನ್ನೂ ನಂಬಿರೆಂದು ಒತ್ತಾಯಿಸಲಿಲ್ಲ. ಹಣಕೋಣದ ಹೊಳೆಯ ದಂಡೆಯಲ್ಲಿ ಕಾಗೆಗಾಗಿ ಕಾಯುವವರೂ ಊರಿಗೆ ಶಾಸ್ತ್ರವನ್ನು ಬೋಧಿಸುತ್ತಿರುವುದಿಲ್ಲ. ಮಗಳ ಮದುವೆಗೆ ಮಾತು ಕೊಡುತ್ತಿರುತ್ತಾರೆ, ಮತ್ತು ಆ ಮಾತು ಕಾಗೆ ಬಂದರೂ ಬಾರದಿದ್ದರೂ ಬದುಕಿರುವವರನ್ನು ಕಟ್ಟಿಹಾಕುತ್ತದೆ. ಆದರೆ ಈ ಕಾಯುವಿಕೆಯನ್ನೇ ಬಂಡವಾಳ ಮಾಡಿಕೊಂಡು, ಸತ್ತವರನ್ನು ಕರೆಸಿಕೊಡುವೆನೆಂದು ಹಣ ಕೇಳುವವನು ಬಂದಾಗ ಫ್ಯಾರಡೆಯ ರಟ್ಟಿನ ಹಾಳೆಗಳನ್ನು ಹೊರತೆಗೆಯದೆ ವಿಧಿಯಿಲ್ಲ.

1939ರಲ್ಲಿ ರವೀಂದ್ರರು ತಮ್ಮ ‘ಡಾಕಘರ’ ನಾಟಕದ ಹೊಸ ಪ್ರಯೋಗಕ್ಕೆಂದು ಹಾಡೊಂದನ್ನು ಬರೆದರು. ಪ್ರಯೋಗವು ನಡೆಯಲಿಲ್ಲ, ಆ ಹಾಡನ್ನು ತಮ್ಮ ಮರಣಾನಂತರವೇ ಹಾಡಬೇಕೆಂದು ಅವರು ಬಯಸಿದರು. 1941ರ ಆಗಸ್ಟ್ 7ರಂದು ಅವರು ಕಲಕತ್ತೆಯಲ್ಲಿ ತೀರಿಕೊಂಡ ಮೇಲೆ ಶಾಂತಿನಿಕೇತನದಲ್ಲಿ ಅದನ್ನು ಹಾಡಿದರು. ಅದರಲ್ಲಿ ಪ್ರೇತಗಳಿಲ್ಲ, ಸಂದೇಶಗಳಿಲ್ಲ; ಮುಂದೆ ಹರಡಿದ ಶಾಂತವಾದ ಸಾಗರವೂ ಅದರ ಮೇಲೆ ಬಿಡಬೇಕಾದ ಒಂದು ದೋಣಿಯೂ ಇವೆ.